ಅಜ್ಜಿಯ ಕೈ ನಿಲ್ಲಿಸಿದ ಅಕ್ಕ

ಮೊನ್ನೆ ಭಾನುವಾರ ಅಮ್ಮ ನನ್ನ ಕೆನ್ನೆ ಹಿಂಡಿದಳು. ಕಾರಣ ದೊಡ್ಡದೇನಲ್ಲ. ಪಿ.ಯು. ಪರೀಕ್ಷೆಗೆ ಓದುವುದು ಬಿಟ್ಟು ನಾನು ಕನ್ನಡಿಯಲ್ಲಿ ಮೀಸೆ ಹುಡುಕುತ್ತಿದ್ದೆ. ಆದರೆ ಆ ಬೆರಳುಗಳಲ್ಲಿ ಅವರೆಕಾಯಿಯ ಸೊಗಡಿತ್ತು. ಸೊಗಡು ಮೂಗಿಗೆ ಹತ್ತಿದ್ದೇ ತಡ, ಎದುರುಮನೆ ಅಕ್ಕ ನೆನಪಾದಳು. ಪ್ರೀತಿಯಿಂದಲ್ಲ... ಹೊಟ್ಟೆಕಿಚ್ಚಿನಿಂದ. ಅವಳು ಊರು ಬಿಟ್ಟು ವರ್ಷಗಳಾದವು, ನನ್ನ ಕಿಚ್ಚು ಮಾತ್ರ ಇನ್ನೂ ಆರಿಲ್ಲ.

ಇದು ಅರ್ಥವಾಗಬೇಕಾದರೆ ನಂಜನಗೂಡಿನ ನಮ್ಮ ಮನೆಯ ಭಾನುವಾರ ಗೊತ್ತಿರಬೇಕು. ಅವರೆಕಾಯಿ ಕಾಲ ಬಂದರೆ ಅಪ್ಪ ಹುಲ್ಲಹಳ್ಳಿಯಿಂದ ಚೀಲಗಟ್ಟಲೆ ತರುತ್ತಿದ್ದರು. ಶನಿವಾರ ಕಾಳು ಬಿಡಿಸಿ ನೆನೆಹಾಕಿದರೆ, ಭಾನುವಾರ ಬೆಳಿಗ್ಗೆ ಎಲ್ಲರೂ ಟಿ.ವಿ. ಮುಂದೆ ಕೂತು ಸಿಪ್ಪೆಯಿಂದ ಕಾಳು ಹಿತುಕಬೇಕು. ಅಜ್ಜಿಗೆ ಎರಡೂ ಕಣ್ಣು ಮಂಜು. ಆಪರೇಷನ್ ಮಾಡಿಸಿದರೂ ಟಿ.ವಿ. ಪರದೆಯ ಮೇಲೆ ಬೆಳಕು ಓಡಾಡುವುದಷ್ಟೇ ಕಾಣುತ್ತಿತ್ತು. ಕೈ ಮಾತ್ರ ಮಿಷಿನ್ನು. ಕಾಳು ಹಿತುಕುತ್ತಾ ಯುದ್ಧದ ಸಿನಿಮಾ ಕೇಳುವುದು ಅವಳ ಚಟ. ಬೇರೆ ಯಾವ ಸಿನಿಮಾನೂ ಬೇಡ. ಯಾಕೆಂದರೆ ಅವಳ ಕಿರಿಮಗ, ಅಂದರೆ ನಮ್ಮ ಚಿಕ್ಕಪ್ಪ, ಮಿಲಿಟರಿಯಲ್ಲಿದ್ದರು, ಎಲ್ಲೋ ಹಿಮ ಬೀಳುವ ಕಡೆ. ಫೋನು ಮಾಡಿದರೆ "ಚೆಂದಾಗಿವ್ನಿ ಕಣವ್ವ" ಅನ್ನುವುದು ಬಿಟ್ಟು ಬೇರೆ ಮಾತೇ ಇಲ್ಲ. ಮಗ ಅಲ್ಲಿ ಹೇಗಿದ್ದಾನೆ ಅನ್ನುವುದನ್ನು ಅಜ್ಜಿ ಸಿನಿಮಾದಿಂದಲೇ ತಿಳಿದುಕೊಳ್ಳಬೇಕಿತ್ತು. ಆ ಸಿನಿಮಾಗಳೋ ಹಿಂದಿಯವು. ಹಾಗಾಗಿ ಅಜ್ಜಿಯ ಪಕ್ಕದ ಮಣೆಯ ಮೇಲೆ ಕೂತು, ಪರದೆಯಲ್ಲಿ ಆಗುವುದನ್ನೆಲ್ಲ ಹೇಳುವ ಕೆಲಸ ನನ್ನದಾಗಿತ್ತು.

ಆಗ ನಾನು ಎಂಟನೇ ಕ್ಲಾಸು. ಆ ಮಣೆಯ ಮೇಲೆ ಕೂತರೆ ನನಗೆ ಸಿಂಹಾಸನದ ಮೇಲೆ ಕೂತ ಹಾಗೆ. ಪರದೆಯಲ್ಲಿ ಒಂದು ಟ್ಯಾಂಕು ಬಂದರೆ ನನ್ನ ಬಾಯಲ್ಲಿ ಹದಿನೈದು ಬರುತ್ತಿದ್ದವು. ಒಂದು ಸಲ ನಮ್ಮ ಹೀರೋ ಹೆಲಿಕಾಪ್ಟರನ್ನು ಎಮ್ಮೆಯ ಬಾಲ ಹಿಡಿದಂತೆ ಹಿಡಿದು, ಗಿರಗಿರ ತಿರುಗಿಸಿ, ಕಪಿಲಾ ಹೊಳೆಗೆ ಎಸೆದುಬಿಟ್ಟ.

"ಕಪಿಲಾ ಹೊಳೆ ಅಲ್ಲಿಗೆಲ್ಲಿಂದ ಬಂತ್ಲಾ?"

"ಶೂಟಿಂಗು ಇಲ್ಲೇ ಮಾಡವ್ರೆ ಅಜ್ಜಿ, ನಮ್ ಸೋಪಾನಕಟ್ಟೆ ತಾವ."

ನನ್ನ ಸಿನಿಮಾದಲ್ಲಿ ಗುಂಡು ತಿಂದವರು ಸಾಯುತ್ತಿರಲಿಲ್ಲ. "ಎಡವಿ ಬಿದ್ರು" ಅನ್ನುತ್ತಿದ್ದೆ. ಯಾರಾದರೂ ಗೋಳೋ ಎಂದು ಅತ್ತರೆ "ನಗ್ತಾವ್ರೆ" ಅನ್ನುತ್ತಿದ್ದೆ. ಅಜ್ಜಿ ಭುಜ ಕುಣಿಸಿಕೊಂಡು ನಗುತ್ತಿದ್ದಳು, ಕೈ ಮಾತ್ರ ನಿಲ್ಲುತ್ತಿರಲಿಲ್ಲ. ಸಿನಿಮಾ ಮುಗಿಯುವ ಹೊತ್ತಿಗೆ ಬೋಸಿ ತುಂಬ ಹಿತುಕಿದ ಕಾಳು. "ಈ ಮೂದೇವಿ ಬಾಯಿ ಬುಟ್ರೆ ಸಾರು ಬಿರ್ನೆ ಆಯ್ತದೆ" ಎಂದು ಅಮ್ಮ ಹೇಳಿದ್ದನ್ನು ನಾನು ರಾಜ್ಯೋತ್ಸವ ಪ್ರಶಸ್ತಿ ಅಂತಲೇ ತಿಳಿದಿದ್ದೆ.

ಅಷ್ಟರಲ್ಲಿ ಎದುರುಮನೆಗೆ ಬಾಡಿಗೆಗೆ ಬಂದರು, ಮೂಗೂರಿನವರು. ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಮಗಳು ಡಿಗ್ರಿ ಓದುತ್ತಿದ್ದಳು. ಅವಳೇ ಈ ಅಕ್ಕ. ಒಂದು ಮಾತಾಡಿದರೆ ಇನ್ನೊಂದಕ್ಕೆ ನಾವು ಟೀ ಕುಡಿದು ಬರಬಹುದು, ಅಷ್ಟು ನಿಧಾನ. ಒಂದು ಭಾನುವಾರ ಕಾಳು ಹಿತುಕಲು ಬಂದು ಕೂತಳು. ನನ್ನ ಗ್ರಹಚಾರಕ್ಕೆ ಅವತ್ತೇ ನನ್ನ ಗಂಟಲು ಕಟ್ಟಿತ್ತು. ಹಿಂದಿನ ದಿನ ಸ್ಕೂಲಿನ ಕಬಡ್ಡಿಯನ್ನು ನಾನೊಬ್ಬನೇ ಗೆಲ್ಲಿಸಿದ್ದೆ, ಗೆರೆಯ ಹೊರಗೆ ನಿಂತು ಕಿರುಚಿ. ಬಾಯಿ ತೆಗೆದರೆ ಕೆಟ್ಟ ಪಂಪ್‌ಸೆಟ್ಟಿನ ಸದ್ದು.

"ಕೂಸೇ, ನೀನಾರ ಯೋಳವ್ವ," ಅಂದಳು ಅಜ್ಜಿ.

ಪರದೆಯಲ್ಲಿ ಗುಂಡಿನ ಮಳೆ. ಅಕ್ಕ ತುಟಿ ಬಿಚ್ಚಲಿಲ್ಲ. ಇವಳ ಕೈಲಿ ಆಗಲ್ಲ ಅಂತ ನಾನು ಒಳಗೊಳಗೇ ಕುಣಿದೆ. ಗುಂಡಿನ ಸದ್ದೆಲ್ಲ ನಿಂತು, ನಾನು ಯಾವಾಗಲೂ ನೀರು ಕುಡಿಯಲು ಎದ್ದು ಹೋಗುವಂಥ ಸಪ್ಪೆ ಭಾಗ ಬಂತು. ಆಗ ಶುರು ಮಾಡಿದಳು.

"ಅಜ್ಜಿ, ಈಗ ಏನೂ ಆಯ್ತಿಲ್ಲ. ಒಬ್ಬ ಹುಡ್ಗ ಕಾಲುಚೀಲ ಬಿಚ್ಚಿ ಹಿಂಡ್ತಾವ್ನೆ. ನೀರು ಸುರೀತಾ ಅದೆ. ಒಲೆ ಮ್ಯಾಲೆ ಹಿಡ್ಕಂಡವ್ನೆ. ಪಕ್ಕದವ್ನು ಮೂಗು ಮುಚ್ಕಂಡು ನಗ್ತಾವ್ನೆ."

ಅಜ್ಜಿಯ ಕೈ ನಿಂತಿತು. ಬೆರಳುಗಳ ನಡುವೆ ಒಂದು ಕಾಳು ಅರ್ಧ ಹೊರಗೆ, ಅರ್ಧ ಒಳಗೆ...

"ಎಷ್ಟು ವಯಸ್ಸವ್ವಾ ಅವುನ್ಗೆ?"

"ಮೀಸೆ ಈಗ ಚಿಗುರ್ತಾ ಅದೆ, ಅಜ್ಜಿ."

ಕಾಲುಚೀಲ! ಕಾಲುಚೀಲ ನೋಡಬೇಕಿದ್ದರೆ ಯುದ್ಧದ ಸಿನಿಮಾ ಯಾಕೆ, ನಮ್ಮ ಅಪ್ಪನದು ಬಾಗಿಲ ಹಿಂದೆಯೇ ಬಿದ್ದಿರುತ್ತಿತ್ತು. ಅದರ ವಾಸನೆಗೆ ಶತ್ರುಗಳೇ ಶರಣಾಗಬೇಕು. ಅಷ್ಟರಲ್ಲಿ ಕರೆಂಟು ಹೋಯಿತು, ಸಿನಿಮಾ ಅಲ್ಲಿಗೇ ನಿಂತಿತು. ನಾನು ಕೆ.ಇ.ಬಿ.ಯವರಿಗೆ ಮನಸ್ಸಿನಲ್ಲೇ ಹಾರ ಹಾಕಿದೆ.

ಅಜ್ಜಿ ಬಿಡಬೇಕಲ್ಲ? ವಾರವಿಡೀ ಆ ಹುಡುಗನದೇ ಚಿಂತೆ, "ಆ ಕಾಲುಚೀಲದ ಐದ ಏನಾದ್ನೋ" ಅಂತಲೇ ಜಪ. ಅಪ್ಪ ಅದೇ ಸಿನಿಮಾವನ್ನು ಪೆನ್‌ಡ್ರೈವಿನಲ್ಲಿ ತಂದರು. ಮುಂದಿನ ಭಾನುವಾರ ನನ್ನ ಗಂಟಲು ಸರಿಹೋಗಿತ್ತು. ತೋಪಿನ ಸದ್ದಿಗೆಂದು ಸ್ಟೀಲ್ ತಟ್ಟೆ, ಸೌಟು ಹಿಡಿದು ಮಣೆಯ ಮೇಲೆ ಕೂತೆ.

"ಲೇ, ಆ ತಟ್ಟೆ ಒಳಗಿಕ್ಕು. ಮಣೆ ಬುಡ್ಲಾ, ಆ ಕೂಸು ಕೂರ್ಲಿ."

ನನ್ನನ್ನು ಬಾಗಿಲ ಹತ್ತಿರ, ಸಿಪ್ಪೆಯ ಗುಡ್ಡೆಯ ಪಕ್ಕ ಕೂರಿಸಿದರು. ಕೂತೇ ಒಂದು ಲೆಕ್ಕ ಹಾಕಿದೆ. ಆ ಕಾಲುಚೀಲದ ಹುಡುಗ ಕೊನೆಗೆ ಸಾಯುತ್ತಾನೆ, ಫ್ರೆಂಡೊಬ್ಬನ ಮೊಬೈಲಿನಲ್ಲಿ ಆಗಲೇ ನೋಡಿದ್ದೆ. ಮಗನನ್ನು ಮಿಲಿಟರಿಗೆ ಕಳಿಸಿದ ಅಜ್ಜಿಯ ಮುಂದೆ ಇವಳು ಅದನ್ನು ಹೇಳಲಿ, ಅಜ್ಜಿ ಇವಳನ್ನು ಬೀದಿವರೆಗೂ ಅಟ್ಟಿಸಿಕೊಂಡು ಹೋಗಲಿ, ಮಣೆ ಮತ್ತೆ ನನ್ನದು.

ಆ ಘಳಿಗೆ ಬಂತು.

"ಅವ್ನು ಬಿದ್ದ, ಅಜ್ಜಿ."

"ಎಡವಿ ಬಿದ್ನಾ?"

ಅಕ್ಕ ನನ್ನ ಕಡೆ ಒಮ್ಮೆ ನೋಡಿದಳು. "ಇಲ್ಲ ಅಜ್ಜಿ. ಹೋಗ್ಬುಟ್ಟ."

ಅಜ್ಜಿ ಸಿಟ್ಟಾಗಲಿಲ್ಲ. "ಅವುನ್ ತಾವ ಯಾರಾರ ಅವ್ರಾ?" ಎಂದು ಕೇಳಿದಳು.

"ಮೂಗು ಮುಚ್ಕಂಡು ನಗ್ತಿದ್ನಲ್ಲ, ಅವ್ನು ಕೂತವ್ನೆ. ಕಾಲು ಹಿಡ್ಕಂಡು."

ಅಜ್ಜಿ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಆಮೇಲೆ ನಾನಿದ್ದ ಕಡೆ ತಿರುಗಿ, "ನೀನು ನಗ್ತಾವ್ರೆ ಅಂತಿದ್ದೋರೆಲ್ಲ ಅಳ್ತಿದ್ರು ಅಂತ ನಂಗೊತ್ತು ಕಣ್ಲಾ. ಕಣ್ಣು ಓಗ್ಯದೆ, ಕಿವಿ ಓಗಿಲ್ಲ" ಅಂದಳು.

ನಾನು ಹಡಗುಗಟ್ಟಲೆ ಮದ್ದುಗುಂಡು ಸುಟ್ಟಿದ್ದೆ, ಅಜ್ಜಿಯ ಬೆರಳು ಒಂದು ಸಲವೂ ತಡವರಿಸಿರಲಿಲ್ಲ. ಇವಳು ಒಬ್ಬನೇ ಒಬ್ಬ ಹುಡುಗನ ಕಾಲು ತೋರಿಸಿ ಕಾಳಿನ ಕೆಲಸವನ್ನೇ ನಿಲ್ಲಿಸಿಬಿಟ್ಟಳು. ಅವತ್ತು ಸಾರಿಲ್ಲ, ಉಪ್ಪಿನಕಾಯಿ ಅನ್ನ. ಅದಕ್ಕೂ ಅಮ್ಮ ಅವಳನ್ನು ಬೈಯಲಿಲ್ಲ!

ಅದೇ ಸಂಜೆ ಚಿಕ್ಕಪ್ಪನ ಫೋನು. "ಚೆಂದಾಗಿವ್ನಿ ಕಣವ್ವ."

"ಅದಿರ್ಲಿ ಬುಡು. ಅಲ್ಲಿ ಕಾಲುಚೀಲ ಒಣಗ್ತದಾ ಮಗ?"

ನೆಟ್‌ವರ್ಕ್ ಹೋಯಿತೆಂದು ಅಪ್ಪ ಫೋನಿಗೆ ಕೈ ಚಾಚಿದರು. ಅಷ್ಟರಲ್ಲಿ ಚಿಕ್ಕಪ್ಪನ ನಗು ಕೇಳಿಸಿತು. "ಒಣಗಲ್ಲ ಕಣವ್ವ. ಹೊಟ್ಟೆ ಮ್ಯಾಲೆ, ಅಂಗಿ ಒಳಗಿಟ್ಕಂಡು ಮಲಿಕತೀವಿ..." ಅಲ್ಲಿಂದ ಶುರುವಾದದ್ದು ನಿಲ್ಲಲೇ ಇಲ್ಲ. ಪಕ್ಕದಲ್ಲಿ ಮಲಗುವ ಪಂಜಾಬಿಯ ಗೊರಕೆ, ಕಲ್ಲಿನಂತಾಗುವ ಚಪಾತಿ, ಬಿರಿಯುವ ತುಟಿ, ಯಾವ ಹೊತ್ತಿನಲ್ಲಿ ಊರು ನೆನಪಾಗುತ್ತದೆ ಎಂಬುದು... ಫೋನು ಕಾದು ಕಿವಿ ಸುಡುತ್ತಿದ್ದರೂ ಅಜ್ಜಿ ಬಿಡಲಿಲ್ಲ. ಚಿಕ್ಕಪ್ಪ ಅಷ್ಟು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಒಂದು ಒದ್ದೆ ಕಾಲುಚೀಲದ ಮುಂದೆ ನನ್ನ ಅಷ್ಟೂ ತೋಪುಗಳು ಠುಸ್.

ಈಗ ಕಾಲೇಜಿನಲ್ಲಿ ಯಾವುದಾದರೂ ಹೊಸ ಯುದ್ಧದ ಸಿನಿಮಾ ಬಂದರೆ ಹುಡುಗರು ನನ್ನನ್ನೇ ಕೇಳುತ್ತಾರೆ, "ನೋಡ್ಬೋದಾ ಮಗಾ?" ನಾನು ಕಾಲರ್ ಎತ್ತಿಕೊಂಡು ಹೇಳುತ್ತೇನೆ: "ಸತ್ತವ್ನ ಹೆಸ್ರು ಮನೇಗ್ ಬಂದ್ಮೇಲೂ ನೆನಪಿದ್ರೆ ನೋಡ್ಬೋದು. ಬರೀ ಗ್ರಾಫಿಕ್ಸ್ ನೆನಪಿದ್ರೆ ಕಾಸು ದಂಡ." ಎಲ್ಲರೂ ಬಾಯಿ ಬಿಟ್ಟುಕೊಂಡು ಕೇಳುತ್ತಾರೆ. ಇದನ್ನು ಯಾರಿಂದ ಕಲಿತೆ ಅಂತ ಮಾತ್ರ ಹೇಳುವುದಿಲ್ಲ. ಯಾಕೆ ಹೇಳಲಿ?

ಆ ಸಿನಿಮಾದ ಮರುವರ್ಷ ಅಕ್ಕನ ಅಪ್ಪನಿಗೆ ವರ್ಗವಾಯಿತು. ಸಾಮಾನು ಲಾರಿಗೆ ಏರಿಸಿದ ಮೇಲೆ ಅಕ್ಕ ನಮ್ಮ ಮನೆಗೆ ಬಂದು, ಮಣೆ ಎತ್ತಿ ನನ್ನ ಕೈಗೆ ಕೊಟ್ಟಳು. "ತಗೊಳಪ್ಪ ನಿನ್ ಸಿಂಹಾಸನ. ಅಜ್ಜಿನ ನಿನ್ ತರ ನಗ್ಸೋಕೆ ನಂಗೆ ಒಂದ್ಸಲನೂ ಆಗ್ಲಿಲ್ಲ. ಎಂಗ್ ಹೊಟ್ಟೆ ಉರೀತಿತ್ತು ಗೊತ್ತೇನೋ?" ಅದು ನಿಜವೋ, ನನ್ನ ಹಾಗೆ ಅವಳೂ ಒಂದು ಬುರುಡೆ ಬಿಟ್ಟಳೋ... ಕೇಳುವಷ್ಟರಲ್ಲಿ ಲಾರಿ ಹಾರ್ನ್ ಹೊಡೆಯಿತು. ಕೊಟ್ಟಿದ್ದ ನಂಬರು ಸ್ವಲ್ಪ ದಿನ ರಿಂಗಾಯಿತು, ಆಮೇಲೆ ಅದೂ ಇಲ್ಲ. ಹೋದ ವರ್ಷ ಮೂಗೂರಿನ ಕಡೆ ಒಂದು ಮದುವೆಗೆ ಹೋದಾಗ ತಿ. ನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು, ಎರಡು ಬಸ್ಸು ಬಿಟ್ಟೆ. ಕಬ್ಬಿನ ಹಾಲು ಕುಡಿಯಲಿಕ್ಕೆ ಅಷ್ಟೇ. ಹೋಗಿಬರುವ ಅಕ್ಕಂದಿರ ಮುಖವನ್ನೆಲ್ಲ ನೋಡುತ್ತಿದ್ದೆ ಅಂತ ಜೊತೆಗಿದ್ದ ತಂಗಿ ಹೇಳಿದರೆ ನಂಬಬೇಡಿ.

ಮೊನ್ನೆ ಕೆನ್ನೆ ಉಜ್ಜಿಕೊಂಡೇ ಅಜ್ಜಿಯ ಪಕ್ಕ ಮಣೆ ಹಾಕಿ ಕೂತೆ. ಅವಳ ಬೆರಳು ಈಗ ನಿಧಾನ. ಚಿಕ್ಕಪ್ಪ ಇನ್ನೂ ಅಲ್ಲೇ ಇದ್ದಾರೆ, ಹೊಸ ಸಿನಿಮಾ ಶುರುವಾಗಿತ್ತು. ನಾನು ಟ್ಯಾಂಕುಗಳನ್ನು ಮೂರಕ್ಕೇ ನಿಲ್ಲಿಸಿ, ತಗ್ಗಿದ ದನಿಯಲ್ಲಿ ಹೇಳುತ್ತಾ ಹೋದೆ. ಇದ್ದಕ್ಕಿದ್ದ ಹಾಗೆ ಅಜ್ಜಿಯ ಕೈ ನಿಂತಿತು. ನನ್ನ ಎದೆ ಪೂರಿಯ ಹಾಗೆ ಉಬ್ಬಿತು.

"ಲೇ," ಅಂದಳು ಅಜ್ಜಿ, "ಈಗ ಆ ಕೂಸು ಇದ್ದಿದ್ರೆ ಏನಂತಿದ್ಲು?"

ನಾನು ಪರದೆ ನೋಡಿದೆ. ಗುಂಡಿನ ಸದ್ದು ನಿಂತಿತ್ತು.

"ಏನೂ ಆಯ್ತಿಲ್ಲ ಅಜ್ಜಿ," ಅಂದೆ. "ಒಬ್ಬ ಟೀ ಕಾಸ್ತಾವ್ನೆ. ಎರಡು ಲೋಟ ಇಟ್ಟವ್ನೆ. ಅವ್ನೊಬ್ನೇ ಅವ್ನೆ."

ಅಜ್ಜಿಯ ಕೈ ಮತ್ತೆ ಕಾಳಿಗೆ ಹೋಗಲಿಲ್ಲ. ಬೋಸಿ ಅರ್ಧವೂ ತುಂಬಿರಲಿಲ್ಲ. ಹೇಳಿದವನು ನಾನು... ಕ್ರೆಡಿಟ್ಟು ಮಾತ್ರ ಅವತ್ತೂ ಅಕ್ಕನಿಗೇ ಹೋಯಿತು.