ಬಲಗಿವಿಯ ಪಕ್ಕದ ಜಾಗ

ನಮ್ಮ ಇಂಗ್ಲಿಷ್ ಮೇಷ್ಟ್ರ ಬಲಗಿವಿ ಸದಾ ಬೆಳ್ಳಗಿರುತ್ತಿತ್ತು. ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿ ಅರ್ಧ. ಮಾತು ಹಿಡಿಯಲು ಸೀಮೆಸುಣ್ಣದ ಕೈಯನ್ನೇ ಕಿವಿಗೆ ಒಡ್ಡುತ್ತಿದ್ದರಿಂದ ಪುಡಿಯೆಲ್ಲ ಅಲ್ಲಿ ಕೂರುತ್ತಿತ್ತು.

ಹಿಂದಿನ ಬೆಂಚಿನ ಮಾತು ಅವರಿಗೆ ಕೇಳುತ್ತಿರಲಿಲ್ಲ. ಅದಕ್ಕೇ ಒಂದು ಪದ್ಧತಿ ಮಾಡಿಕೊಂಡಿದ್ದರು. ಒಬ್ಬ ಹುಡುಗ ಬಲಗಿವಿಯ ಪಕ್ಕ ನಿಂತು, ಹಿಂದಿನವರು ಕನ್ನಡದಲ್ಲಿ ಅಂದದ್ದನ್ನು ಇಂಗ್ಲಿಷಿನಲ್ಲಿ ತಲುಪಿಸಬೇಕು. ‘ನಾನು’ ಅಂದದ್ದು ‘ಅವನು’ ಆಗಬೇಕು, ‘ನಾಳೆ’ ಅಂದದ್ದು ‘ಮರುದಿನ’, ಕ್ರಿಯಾಪದ ಒಂದು ಹೆಜ್ಜೆ ಹಿಂದಕ್ಕೆ. ಪುಸ್ತಕದಲ್ಲಿ ರಿಪೋರ್ಟೆಡ್ ಸ್ಪೀಚ್ ಒಂದು ಪಾಠ. ಕೊಳ್ಳೇಗಾಲದ ನಮ್ಮ ಹೈಸ್ಕೂಲಿನಲ್ಲಿ ಅದು ದಿನದ ಕೆಲಸ. “ತಂದ ಮಾತಿಗೆ ನಿನ್ನ ಉಪ್ಪು ಆಕ್ಬೇಡ” ಎಂಬುದೊಂದೇ ಅವರ ಕಟ್ಟಪ್ಪಣೆ.

ಆ ಜಾಗ ನನಗೆ ಬೇಕಿತ್ತು. ಸಿಕ್ಕಿದ್ದು ಮಾರ್ಟಳ್ಳಿಯಿಂದ ಬಂದು ಹಾಸ್ಟೆಲಿನಲ್ಲಿದ್ದ ಹುಡುಗನಿಗೆ. ಅವನ ಅಜ್ಜಿಗೆ ತಮಿಳು ಬಿಟ್ಟು ಬೇರೆ ಬಾರದು. ಅವರ ಅಂಗಡಿಗೆ ಬಂದವರ ಕನ್ನಡವನ್ನು ಅಜ್ಜಿಗೂ, ಅಜ್ಜಿಯ ತಮಿಳನ್ನು ಅವರಿಗೂ ದಾಟಿಸುತ್ತಲೇ ಬೆಳೆದವನು. ಒಮ್ಮೆ ಹಿಂದಿನಿಂದ ಯಾರೋ, “ಈ ಮೇಷ್ಟ್ರಿಗೆ ಬೆಲ್ ಯಾವಾಗ್ಲಾ ಕೇಳೋದು?” ಎಂದು ಗೊಣಗಿದ. ಇವನು ಕಣ್ಣು ಮಿಟುಕಿಸದೆ, “ಹಿ ಆಸ್ಕ್ಡ್ ವೆನ್ ಯು ವುಡ್ ಹಿಯರ್ ದ ಬೆಲ್, ಸಾರ್” ಅಂದ. ಮೇಷ್ಟ್ರು ಹೊಟ್ಟೆ ಹಿಡಿದು ನಕ್ಕು ಪುಸ್ತಕ ಮುಚ್ಚಿದರು. ನಾನು ನಗಲಿಲ್ಲ. ಯಾವ ದಿನ ಯಾರು ಆ ಜಾಗದಲ್ಲಿ ನಿಂತರೆಂದು ಲೆಕ್ಕ ಇಡುತ್ತಿದ್ದ ನನ್ನ ಡೈರಿಯಲ್ಲಿ ಅವನ ಹೆಸರಿನ ಮುಂದೆ ಇನ್ನೊಂದು ಗೀಟು ಎಳೆದೆ.

ನನ್ನ ಹೆಸರಿನ ಮುಂದೆ ಬಿದ್ದದ್ದು ಒಂದೇ ಗೀಟು, ಅವನಿಗೆ ಜ್ವರ ಬಂದ ದಿನ. “ಸಾ, ಪುಸ್ತಕ ಮರ್ತು ಬಂದೆ” ಅಂದನೊಬ್ಬ. ಕ್ರಿಯಾಪದವನ್ನು ಎಲ್ಲಿಗೆ ಸರಿಸಬೇಕೆಂದು ನಾನು ಲೆಕ್ಕ ಹಾಕುವಷ್ಟರಲ್ಲಿ ಪುಸ್ತಕ ಮರೆತವನು ಪಕ್ಕದವನ ಪುಸ್ತಕ ಎಳೆದುಕೊಂಡು ಓದುತ್ತಿದ್ದ. “ಲೇ, ನೀನ್ ತರೋ ಒತ್ಗೆ ಮಾತು ತಣ್ಗಾಗೋಯ್ತು ಕಣ್ಲಾ!” ಎಂದರು ಮೇಷ್ಟ್ರು.

ನಿವೃತ್ತರಾದ ಮೇಲೆ ಅವರು ಯಳಂದೂರಿಗೆ ಬಂದು ನಮ್ಮ ಬೀದಿಯಲ್ಲೇ ಮನೆ ಮಾಡಿದರು. ದಿನಾ ಸಂಜೆ ಪೇಪರು ಓದಿ ಹೇಳಲು ಹೋಗುತ್ತಿದ್ದೆ. “ಮಾರ್ಟಳ್ಳಿಯವನು ಎಂಗವ್ನೆ?” ಎಂದು ಕೇಳದ ವಾರವಿಲ್ಲ. ಚೆನ್ನಾಗಿದ್ದಾನೆ ಎನ್ನುತ್ತಿದ್ದೆ, ಚಿಕ್ಕದಾಗಿ.

ಹೋದ ವರ್ಷ ಅವರನ್ನು ಕಾಮಗೆರೆಯ ಆಸ್ಪತ್ರೆಗೆ ಸೇರಿಸಿದಾಗ ಜೊತೆಗಿದ್ದವನು ನಾನೇ. ಡಾಕ್ಟರು ನನ್ನನ್ನೂ ಮೇಷ್ಟ್ರ ಹೆಂಡತಿಯನ್ನೂ ಮಂಚದ ಈಚೆಗೆ ಕರೆದು, “ಇನ್ನು ಔಷಧಿ ನಾಟೋದಿಲ್ಲ. ಮನೆಗೆ ಕರ್ಕೊಂಡು ಹೋಗಿ” ಎಂದು ಹೊರಟರು. ಮಲಗಿದ್ದ ಮೇಷ್ಟ್ರು ಬಲಗಿವಿಗೆ ಕೈ ಒಡ್ಡಿ, “ಏನಂದ್ರು?” ಎಂದರು. ಅಮ್ಮನವರು ನನ್ನ ತೋಳು ಹಿಡಿದು, “ವಾಸಿ ಆಯ್ತದೆ ಅಂದ್ರು ಅನ್ನಪ್ಪಾ, ನಿನ್ ದಮ್ಮಯ್ಯ” ಎಂದು ಪಿಸುಗುಟ್ಟಿದರು. ಮೇಷ್ಟ್ರು ಅವರನ್ನೂ ನೋಡಿದರು, ನನ್ನನ್ನೂ ನೋಡಿದರು.

“ಇಂಗ್ಲಿಷ್ನಲ್ಲಿ ಏಳು.”

ಅಮ್ಮನವರಿಗೆ ಇಂಗ್ಲಿಷ್ ಬಾರದು. ಕಿವಿಯ ಪಕ್ಕ ಬಗ್ಗಿದೆ. “ಹಿ ಸೆಡ್ ದಟ್ ಮೆಡಿಸಿನ್ ವುಡ್ ನಾಟ್ ಹೆಲ್ಪ್ ಎನಿ ಮೋರ್, ಸಾರ್. ಹಿ ಟೋಲ್ಡ್ ಅಸ್ ಟು ಟೇಕ್ ಯು ಹೋಮ್.” ಈ ಸಲ ಎಲ್ಲೂ ತಡವರಿಸಲಿಲ್ಲ.

ಅವರು ಹೆಂಡತಿಯ ಕಡೆ ತಿರುಗಿ, “ವಾಸಿ ಆಯ್ತದಂತೆ ಕಣೇ, ಮನೆಗೋಗದ ನಡಿ” ಎಂದರು. ಆಮೇಲೆ ನನಗೊಬ್ಬನಿಗೆ ಮೆಲ್ಲಗೆ, “ಚೆನ್ನಾಗೇಳ್ದೆ ಕಣ್ಲಾ. ಅವನಾಗಿದ್ರೆ ಅತ್ಬುಡೋನು.”

ಅಲ್ಲಿಯೂ ಅವನೇ.

ಅವರು ತೀರಿಕೊಂಡ ಮೇಲೆ ಸುದ್ದಿ ಹೇಳಲು ಹನೂರಿನ ಮೇಲೆ ಬಸ್ಸು ಹಿಡಿದು ಮಾರ್ಟಳ್ಳಿಗೆ ಹೋದೆ. ಅವನು ಅಂಗಡಿಯಲ್ಲಿ ಬೆಲ್ಲ ತೂಗುತ್ತಿದ್ದ. “ಕೊನೇಲಿ ನನ್ ಇಸ್ಯ ಏನಾರ ಅಂದ್ರಾ?” ಎಂದು ಕೇಳಿದ. ಉಪ್ಪು ಹಾಕದೆ ಹೇಳಿದೆ: “ನೀನಾಗಿದ್ದಿದ್ರೆ ಅತ್ಬುಡ್ತಿದ್ದೆ ಅಂದ್ರು.” ಅವನು ತಕ್ಕಡಿ ಕೆಳಗಿಟ್ಟು, ಗಿರಾಕಿಗಳ ಎದುರೇ ಅತ್ತ. ಮೇಷ್ಟ್ರು ಅವನನ್ನು ಅಷ್ಟು ಬಲ್ಲವರಾಗಿದ್ದರಲ್ಲ ಎಂದು ಆಗಲೂ ನನಗೆ ಹೊಟ್ಟೆ ಉರಿಯಿತು.

ಅದರ ಹಿಂದಿನ ‘ಚೆನ್ನಾಗೇಳ್ದೆ’ ಎಂಬ ಮಾತನ್ನು ಅವನಿಗೆ ತಲುಪಿಸಲಿಲ್ಲ. ಅದು ನನಗೊಬ್ಬನಿಗೇ ಹೇಳಿದ್ದು.