ಪಾಲಿಗೆ ಬಂದ ಕತ್ತಿ

ಆಸ್ತಿ ಪಾಲಾದಾಗ ಕೋಟೇಶ್ವರದ ಹೆದ್ದಾರಿ ಬದಿಯ ಜಾಗವನ್ನು ದೊಡ್ಡಪ್ಪನಿಗೆ ಬಿಟ್ಟು ಅಪ್ಪ ಮನೆದೈವದ ಕತ್ತಿಯನ್ನು ಇಟ್ಟುಕೊಂಡರು. ಕತ್ತಿ ಯಾರ ಮನೆಯಲ್ಲಿದೆಯೋ ಅವರೇ ವರ್ಷದ ಪೂಜೆಯಲ್ಲಿ ಅದನ್ನು ಹಿಡಿದು ಕುಟುಂಬದ ಮುಂದೆ ನಿಲ್ಲುವುದು ಕ್ರಮ. ಹೆದ್ದಾರಿ ಬದಿಯ ಆ ಜಾಗದಲ್ಲಿ ಈಗ ದೊಡ್ಡಪ್ಪನ ಅಂಗಡಿಸಾಲು ಇದೆ. ಅಪ್ಪನಿಗೆ ಅದರ ಸಂಕಟವಿರಲಿಲ್ಲ. ದೊಡ್ಡ ಪಾಲು ತಮಗೇ ಸಿಕ್ಕಿತೆಂದು ನಂಬಿದ್ದರು.

ಕತ್ತಿ ಯಾವ ಅರಸರ ಕಾಲದ್ದೆಂದು ತಿಳಿಯುವ ಆಸೆಯೂ ಅವರದೇ. ಕಳೆದ ವರ್ಷ ಬ್ರಹ್ಮಾವರದಲ್ಲಿ ಹಳೆಯ ಆಯುಧ ಸಂಗ್ರಹಿಸುವ ನಿವೃತ್ತ ಮೇಷ್ಟ್ರೊಬ್ಬರ ಮನೆಗೆ ನಾವಿಬ್ಬರೂ ಹೋದೆವು. ಒರೆಯಿಂದ ಹೊರಗೆ ತೆಗೆದರೆ ಕತ್ತಿಗೆ ಬಲಿ ಕೊಡಬೇಕು. ಹಾಗಾಗಿ ನಮ್ಮಲ್ಲಿ ಯಾರೂ ತೆಗೆಯುತ್ತಿರಲಿಲ್ಲ. ಅಪ್ಪ ಬಲಿಗೆಂದು ಚೀಲದಲ್ಲಿ ಒಂದು ಬೂದುಗುಂಬಳ ತಂದಿದ್ದರು.

ಮೇಷ್ಟ್ರು ಒರೆ ಕಳಚಿದರು. ಅಲಗು ಹೊಸ ತಟ್ಟೆಯಂತೆ ಹೊಳೆಯಿತು. ಅಪ್ಪ ಕೈಮುಗಿದು, ಕತ್ತಿ ಎತ್ತಿ ಕುಂಬಳದ ಮೇಲೆ ಹೊಡೆದರು. ಸಿಪ್ಪೆಯ ಬೂದಿಯಷ್ಟೇ ಹತ್ತಿತು, ಕತ್ತಿ ಜಾರಿತು. ಇನ್ನೊಮ್ಮೆ ಹೊಡೆದರು. ಅಲಗು ಬಾಗಿತು.

ಮೇಷ್ಟ್ರು ಅದನ್ನು ಮೆಲ್ಲಗೆ ತೆಗೆದುಕೊಂಡು ಹಿಡಿಯ ತುದಿಯ ಹಿತ್ತಾಳೆ ಗುಂಡನ್ನು ತಿರುಗಿಸಿದರು. ಬಾಟಲಿ ಮುಚ್ಚಳದಂತೆ ಬಿಚ್ಚಿಕೊಂಡಿತು. ಒಳಗೆ ನಟ್ಟು ಇತ್ತು.

"ಹಳೇ ಕತ್ತಿಗೆ ಅರಗ್ ಹೊಯ್ದ್ ಹಿಡಿ ಕೂರ್ಸ್ತ್ರ್ ಮಾರಾಯ್ರೆ. ಇದ್ ಸ್ಟೀಲ್. ಹರಿತ ಮಾಡ್ಲೇ ಇಲ್ಲ. ಗ್ವಾಡಿಗೆ ತೂಗ್ಸುಕೆ ಮಾಡದ್ದ್. ಮುಂಬೈ ಅಂಗ್ಡಿಯಗೆ ಇಂಥದ್ದ್ ಸುಮಾರ್ ಸಿಕ್ಕತ್ತ್."

ಮುಂಬೈಯಲ್ಲಿ ಹೋಟೆಲು ನಡೆಸಿದವರು ದೊಡ್ಡಪ್ಪ. ಅಪ್ಪ ಎದ್ದು, ಬಾಗಿದ ಅಲಗನ್ನು ನೆಟ್ಟಗೆ ಮಾಡಿ ಒರೆಗೆ ಸೇರಿಸಿ, ಕತ್ತಿಯನ್ನು ಬಟ್ಟೆಯಲ್ಲಿ ಸುತ್ತಿದರು. ಅಲ್ಲಿಂದ ನೇರ ಕಿರಿಮಂಜೇಶ್ವರದ ದೊಡ್ಡಪ್ಪನ ಮನೆಗೆ ಬಸ್ಸು ಹಿಡಿದೆವು.

"ಹ್ವಾಯ್, ಎಂತ ಮಾರಾಯ, ಕತ್ತಿ ಹಿಡ್ಕಂಡ್ ಯುದ್ಧಕ್ಕ್ ಹೊರ್ಟಿದ್ಯಾ?" ದೊಡ್ಡಪ್ಪ ನಕ್ಕರು.

"ಅಣ್ಣಯ್ಯ, ಇದ್ ನೀ ತಂದಿಟ್ಟದ್ದಾ?"

ನಗು ನಿಂತಿತು. "ಹಳೇದ್ ತುಕ್ಕ್ ತಿಂದ್ ಮುರ್ದ್ ಹೋಯ್ತ್. ಪೂಜೆ ನಿಲ್ಸುಕಾತ್ತಾ? ಕೈ ಮುಗುಕೆ ಯಾವ್ದಾರೆ ಎಂತ?"

"ಪಾಲ್ ಆಪುಕಿಂತ ಮೊದ್ಲಾ?"

ದೊಡ್ಡಪ್ಪ ಕೈಯಲ್ಲಿದ್ದ ಚಾ ಲೋಟ ನೋಡುತ್ತ, "ಮೊದ್ಲೇ" ಎಂದರು.

ಅಪ್ಪ ಕತ್ತಿ ಎತ್ತಿಕೊಂಡು ಮನೆಗೆ ಹೊರಟರು. ಯಾರಿಗೂ ಹೇಳಲಿಲ್ಲ. ಹೇಳಿದರೆ ಕುಟುಂಬದೆದುರು ಅಣ್ಣ ಕಳ್ಳರಾಗುತ್ತಾರೆ, ತಾವು ಮರುಳರಾಗುತ್ತಾರೆ.

ಈ ವರ್ಷದ ಪೂಜೆಯಲ್ಲಿ ಅಪ್ಪ ಹಿಂದೆ ನಿಂತಿದ್ದರು. "ಮುಂದೆ ಬಾ, ಅದ್ ನಿನ್ ಪಾಲಿಂದ್ ಅಲ್ದಾ" ಎಂದು ದೊಡ್ಡಪ್ಪನೇ ಕರೆದರು. ಅಪ್ಪ ಬಂದು ಕತ್ತಿ ಹಿಡಿದರು. ಕಾಯಿ ಒಡೆಯುವವರೆಗೂ ಅವರ ಕೈ ನಡುಗುತ್ತಲೇ ಇತ್ತು.

"ಮೈಮೇಲೆ ದೈವ ಬಂತ್, ಕಾಣಿ" ಎಂದು ಅತ್ತೆ ಕೈಮುಗಿದರು. ಒಬ್ಬೊಬ್ಬರಾಗಿ ಎಲ್ಲರೂ ಮುಗಿದರು, ದೊಡ್ಡಪ್ಪನೂ.