ಕತ್ತರಿ ಕೆಳಗಿಟ್ಟ ಮೇಲೆ ಮಾತು

ಟೈಲರ್ ಮಾಸ್ಟರ್ ನಲವತ್ತು ವರ್ಷ ಬಟ್ಟೆ ಕತ್ತರಿಸಿದ್ದು ಬಾಯಿ ಮುಚ್ಚಿಕೊಂಡಲ್ಲ. ಕೈಗೆ ಕತ್ತರಿ ಬಂದರೆ ಬಾಯಿಗೆ ಮಾತು ಬರಲೇಬೇಕು. ಅಂಗಡಿಗೆ ಅರ್ಧ ಮಂದಿ ಬಟ್ಟೆ ಹೊಲಿಸಲು ಬಂದರೆ ಇನ್ನರ್ಧ ಮಂದಿ ಹರಟೆಗೇ ಬರುತ್ತಿದ್ದರು. ಅವರಲ್ಲಿ ಮೊದಲಿಗ ಪೋಸ್ಟ್‌ಮ್ಯಾನ್. ರಿಟೈರ್ ಆದ ಮೇಲಂತೂ ಕಿಟಕಿ ಪಕ್ಕದ ಸ್ಟೂಲೇ ಅವನ ಆಫೀಸು.

ಆಮೇಲೆ ಮಾಸ್ಟರಿಗೆ ಪಾರ್ಕಿನ್ಸನ್ ಕಾಯಿಲೆ ಬಂತು. ಕೈನಡುಕವನ್ನು ಮಾತ್ರೆ ಹೇಗೋ ಹದ್ದುಬಸ್ತಿಗೆ ತಂದಿತು ಅನ್ನಿ, ಆದರೆ ಕಾಯಿಲೆ ಗಮನಕ್ಕೂ ಕೈಹಾಕಿತ್ತು. ಒಂದು ದಿನ ಪೋಸ್ಟ್‌ಮ್ಯಾನ್ ತನ್ನನ್ನು ಅಟ್ಟಿಸಿಕೊಂಡು ಬಂದ ನಾಯಿಯ ಕಥೆ ಹೇಳುತ್ತಿದ್ದ. ಮಾಸ್ಟರ್ ಹೂಂಗುಟ್ಟುತ್ತಾ ಅವನದೇ ಶರ್ಟಿನ ಬಟ್ಟೆ ಕತ್ತರಿಸುತ್ತಿದ್ದ. ಮಿಷನ್ ಮುಂದೆ ಕೂತಿದ್ದ ಹೆಂಡತಿ ಕಥೆಯ ನಡುವೆಯೇ ಎದ್ದು ಬಂದು ತೋಳುಗಳನ್ನು ಎತ್ತಿ ನೋಡಿದಳು. ಎರಡೂ ಎಡತೋಳು! ಕೆಲಸ ಕಲಿಯುವವರು ಮೊದಲ ವಾರ ಮಾಡುವ ತಪ್ಪು. ಆ ತಿಂಗಳು ಕೆಟ್ಟ ಬಟ್ಟೆಗಳಲ್ಲಿ ಅದು ಮೂರನೆಯದು. ಅವಳು ಕತ್ತರಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಮಾಸ್ಟರಿಗೆ ಅಳು ಬಂತು.

ಮಿದುಳಿಗೆ ತಾಲೀಮು ಕೊಡಿಸುತ್ತಾರಂತೆ ಎಂದು ಆಸ್ಪತ್ರೆಗೆ ಕರೆದೊಯ್ದವಳೂ ಅವಳೇ. ವಾರಕ್ಕೆ ಎರಡು ದಿನ. ಚೀಟಿಗಳನ್ನು ಬಣ್ಣ ನೋಡಿ ಜೋಡಿಸು, ಆಮೇಲೆ ಆಕಾರ ನೋಡಿ ಜೋಡಿಸು. ನಡೆಯುತ್ತಾ ನೂರರಿಂದ ಮೂರು ಮೂರು ಕಳೆಯುತ್ತಾ ಬಾ. ಎಣಿಸಿದರೆ ಕಾಲು ನಿಲ್ಲುತ್ತಿತ್ತು, ನಡೆದರೆ ಎಣಿಕೆ ತಪ್ಪುತ್ತಿತ್ತು. ಈ ವಯಸ್ಸಿನಲ್ಲಿ ಒಂದನೇ ಕ್ಲಾಸಿಗೆ ಸೇರಿಸಿದ್ದೀಯಲ್ಲ ಎಂದು ಮಾಸ್ಟರ್ ಹೆಂಡತಿಯ ಮೇಲೆ ಹರಿಹಾಯ್ದ. ತರಬೇತಿ ಕೊಡುವಾಕೆ ಮುಚ್ಚುಮರೆ ಮಾಡಲಿಲ್ಲ. ಇದರಿಂದ ಕಾಯಿಲೆ ವಾಸಿಯಾಗುವುದಿಲ್ಲ, ಆದರೆ ಒಂದು ಹೊತ್ತಿಗೆ ಒಂದೇ ಕೆಲಸ ಎಂದು ರೂಢಿ ಮಾಡಿಕೊಂಡರೆ ಅನುಕೂಲ; ಕತ್ತರಿಸುವಾಗ ಹರಟೆ ಬೇಡ, ಮುಂದೇನು ಮಾಡಬೇಕೋ ಅದನ್ನಷ್ಟೇ ಬಾಯಲ್ಲಿ ಹೇಳಿಕೊಳ್ಳಿ ಎಂದಳು. ಹರಟೆ ಬೇಡವಂತೆ, ಹೇಳಿದ್ದು ಯಾರಿಗೆ ನೋಡಿ! ಆದರೂ ಮಾಸ್ಟರ್ ಮೂರು ತಿಂಗಳು ಮನೆಯ ಸಣ್ಣ ಕತ್ತರಿಯಿಂದ ಹಳೇ ಪೇಪರಿನಲ್ಲಿ ತೋಳುಗಳನ್ನು ಕತ್ತರಿಸಿದ.

ಕೊನೆಗೆ ಹೆಂಡತಿ ಬೀರು ತೆಗೆದಳು. ಪೋಸ್ಟ್‌ಮ್ಯಾನ್ ತಾನಾಗಿ ಹೊಸ ಬಟ್ಟೆ ತಂದಿದ್ದ.

"ಇದೊಂದು ಸಲ ನೋಡೋಣ ರೀ. ಇದೂ ಕೆಟ್ಟರೆ ಇನ್ಮೇಲೆ ಕಟಿಂಗ್ ನಾನೇ ಮಾಡ್ತೀನಿ."

ಪೋಸ್ಟ್‌ಮ್ಯಾನ್ ಸ್ಟೂಲಿನ ಮೇಲೆ ತುಟಿ ಬಿಗಿಹಿಡಿದು ಕೂತ. ಪಾಪ, ಅವನಿಗೂ ಅದು ಪರೀಕ್ಷೆಯೇ. "ಮಡಿಸು. ಒಳಮೈ ಹೊರಗೆ. ಗುರುತು ಹಾಕು," ಎಂದು ಮಾಸ್ಟರ್ ತನಗೆ ತಾನೇ ಹೇಳಿಕೊಳ್ಳುತ್ತಾ ಮುಕ್ಕಾಲು ಗಂಟೆ ಕತ್ತರಿಸಿದ. ಹೆಂಡತಿ ಬಂದು ತೋಳುಗಳನ್ನು ಒಂದರ ಪಕ್ಕ ಒಂದು ಹರಡಿದಳು. ಒಂದು ಎಡ, ಒಂದು ಬಲ. ಅವಳು ಬೀರುವಿನ ಬೀಗವನ್ನು ತೆಗೆದು ಕಸದ ಬುಟ್ಟಿಗೆ ಹಾಕಿದಳು.

ಮಾಸ್ಟರ್ ಕತ್ತರಿ ಕೆಳಗಿಟ್ಟು ಪೋಸ್ಟ್‌ಮ್ಯಾನ್ ಕಡೆ ತಿರುಗಿದ.

"ಈಗ ಹೇಳಪ್ಪಾ, ಆ ನಾಯಿ ಕಥೆ."

ಎಲ್ಲಿಗೆ ನಿಲ್ಲಿಸಿದ್ದೆನೋ ಮರೆತೇಹೋಗಿದೆ ಎಂದು ಪೋಸ್ಟ್‌ಮ್ಯಾನ್ ತಲೆ ಕೆರೆದುಕೊಂಡ.

"ನೀನು ಸೈಕಲ್ ಬಿಟ್ಟು ಕಾಂಪೌಂಡ್ ಹತ್ತಿದ್ದೆ," ಎಂದ ಮಾಸ್ಟರ್. "ನಾಯಿ ಕೆಳಗೆ ಕೂತಿತ್ತು."